ಹೊಸ್ತಿಲ ಕಡಬು

ನಾವು ನಡೆಸುತ್ತಿದ್ದ ಕೂಸುಗಳ ಕೇಂದ್ರದ ಬಾಗಿಲಿಗೆ ಅಡ್ಡವಾಗಿ ಮೊಣಕಾಲೆತ್ತರದ ಒಂದು ಹಲಗೆ ಇತ್ತು. ನೋಡಿದವರೆಲ್ಲ ಅದನ್ನು ನಾಯಿ ಬಾರದಿರಲಿ ಎಂದು ಹಾಕಿದ್ದು ಅಂದುಕೊಳ್ಳುತ್ತಿದ್ದರು. ಸಡಾದ ನಾಯಿಗಳು ಗೋಡೆಯನ್ನೇ ಹಾರುತ್ತವೆ, ಅವುಗಳಿಗೆ ಹಲಗೆ ಯಾವ ಲೆಕ್ಕ? ಅದು ಇದ್ದದ್ದು ಕೂಸುಗಳಿಗಾಗಿ. ಯಾವ ಕೂಸೂ ತನ್ನ ಮನೆಯ ಹೊಸ್ತಿಲು ದಾಟುವ ಮೊದಲು ನಮ್ಮ ಹೊಸ್ತಿಲು ದಾಟಬಾರದು ಎಂದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಡಾ ಎಂದರೆ ಗೋವಾದ ಮುರಗಾಂವ ಬಂದರಿನ ಮೇಲಿನ ಗುಡ್ಡ. ಅಲ್ಲಿನ ತಗಡಿನ ಮನೆಗಳಲ್ಲಿದ್ದವರು ಬಹಳಷ್ಟು ಮಂದಿ ವಿಜಾಪುರ, ಬಾಗಲಕೋಟೆ, ಗದಗ ಕಡೆಯವರು. ಗಂಡಸರಿಗೆ ಬಂದರಿನಲ್ಲಿ ಕೆಲಸ, ಹೆಂಗಸರಿಗೆ ಕಟ್ಟಡಗಳಲ್ಲಿ. ಅವರಲ್ಲಿ ಕೂಸು ಮೊದಲ ಸಲ ತನ್ನ ಕಾಲ ಮೇಲೆ ಮನೆಯ ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ಹೂರಣದ ಕಡಬು ಮಾಡಿ, ಓಣಿಗೆಲ್ಲ ಹಂಚುತ್ತಾರೆ. ತಗಡಿನ ಮನೆಗೆ ಹೊಸ್ತಿಲು ಎಲ್ಲಿಂದ ಬಂತು ಎನ್ನಬೇಡಿ. ಎಲ್ಲಿಂದಲೋ ಒಂದು ಕಟ್ಟಿಗೆಯ ತುಂಡು ತಂದು ಬಾಗಿಲಲ್ಲಿ ಹುಗಿದು, ಅದಕ್ಕೆ ದಿನಾ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದರು. ಮನೆ ಯಾರದೋ ಜಾಗದಲ್ಲಿತ್ತು, ಹೊಸ್ತಿಲು ಮಾತ್ರ ಅವರ ಸ್ವಂತದ್ದು.

ಕೂಸು ಬೆಳಗಿನಿಂದ ಸಂಜೆಯವರೆಗೆ ಇರುವುದು ನಮ್ಮಲ್ಲಿ. ಹೀಗಾಗಿ ಹತ್ತರಲ್ಲಿ ಒಂಬತ್ತು ಕೂಸುಗಳು ಮೊದಲ ಹೆಜ್ಜೆ ಇಡುವುದೂ ನಮ್ಮಲ್ಲೇ. ಅದನ್ನು ತಾಯಿಗೆ ಹೇಳಬಾರದು ಎಂಬುದು ನಮ್ಮ ಕೇಂದ್ರದ ನಿಯಮ. ಅವಳು ತನ್ನ ಮನೆಯಲ್ಲಿ, ತನ್ನ ಕಣ್ಣಿನಿಂದ, ಮೊದಲ ಸಲ ಎಂದುಕೊಂಡೇ ನೋಡಬೇಕು. ಮರುದಿನ ಅವಳು ಕಡಬಿನ ಡಬ್ಬಿ ಹಿಡಿದು ಓಡಿ ಬಂದಾಗ ನಾವು ಬಾಯಿ ತೆರೆದು, “ಹೌದಾ! ಖರೇನ?” ಎಂದು ಕೇಳಬೇಕು. ನಾನು ಅದರಲ್ಲಿ ಪಳಗಿಬಿಟ್ಟಿದ್ದೆ. ನಾಟಕದ ಕಂಪನಿಯವರು ನೋಡಿದ್ದರೆ ನನ್ನನ್ನು ಬಿಡುತ್ತಿರಲಿಲ್ಲ. ಆದರೆ ಆ ಕಡಬು ಒಂದೂ ನನ್ನ ಗಂಟಲಲ್ಲಿ ಸುಲಭವಾಗಿ ಇಳಿದದ್ದಿಲ್ಲ. ಕದ್ದು ತಿಂದಂತೆ ಅನ್ನಿಸುತ್ತಿತ್ತು.

ಕೇಂದ್ರ ಮಿಶನ್ನಿನವರದು. ಅದನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಗೋವಾದವರೇ, ವಯಸ್ಸಾದವರು, ಬಹಳ ವರ್ಷ ಆಫ್ರಿಕಾದಲ್ಲಿ ಇಂಥದ್ದೇ ಒಂದು ಮಿಶನ್ ಕೇಂದ್ರ ನಡೆಸಿ ಬಂದವರು. ನಿಯಮ ತಂದದ್ದೂ ಅಲ್ಲಿಂದಲೇ. ಅಲ್ಲಿ ಹೊಲದ ಕೆಲಸ ಮುಗಿಸಿ ಬಂದ ಒಬ್ಬ ತಾಯಿಗೆ ಇವರು ದೊಡ್ಡ ಸಂತೋಷದಲ್ಲಿ, ಇವತ್ತು ನಿನ್ನ ಮಗು ನಡೆಯಿತು ಎಂದು ಹೇಳಿಬಿಟ್ಟರಂತೆ. ಅವಳು ನಗುತ್ತಾಳೆ ಎಂದುಕೊಂಡರೆ, ಬಾಗಿಲಲ್ಲೇ ಕುಸಿದು ಕೂತು ಅತ್ತಳಂತೆ. “ಒಳ್ಳೆ ಸುದ್ದಿ ಕೊಟ್ಟೆ ಅಂದುಕೊಂಡೆ, ಅವಳಿಂದ ಒಂದು ವಸ್ತು ಕಿತ್ತುಕೊಂಡಿದ್ದೆ,” ಎಂದು ಸಿಸ್ಟರ್ ತಮ್ಮ ಕೊಂಕಣಿ ಬೆರೆತ ಹಿಂದಿಯಲ್ಲಿ ನನಗೆ ಹೇಳಿದ್ದರು. ಗೋವಾಕ್ಕೆ ಬಂದು ನಮ್ಮವರ ಕಡಬಿನ ಪದ್ಧತಿ ನೋಡಿದ ಮೇಲೆ ಹಲಗೆಯನ್ನೂ ಹೊಡೆಸಿದರು.

ನಾನು ಧಾರವಾಡದವಳು. ಗಂಡನಿಗೆ ಬಂದರಿನ ಕಚೇರಿಯಲ್ಲಿ ನೌಕರಿ. ಮಗಳು ಶಾಲೆಗೆ ಹೋದ ಮೇಲೆ ಕ್ವಾರ್ಟರ್ಸಿನಲ್ಲಿ ಕೂತು ಎದುರು ಮನೆಯವರ ಬಟ್ಟೆ ಒಣಗುವುದನ್ನು ನೋಡಿ ನೋಡಿ ತಲೆ ಕೆಟ್ಟಿತ್ತು. ಕನ್ನಡ ಬಲ್ಲವರು ಬೇಕು ಎಂದು ಮಿಶನ್ನಿನವರು ಹುಡುಕುತ್ತಿದ್ದಾರೆ ಎಂದು ತಿಳಿದು, ನಾಲ್ಕು ದಿನ ಮಾಡಿದರಾಯಿತು ಎಂದು ಹೋದವಳು ವರ್ಷಗಟ್ಟಲೆ ಅಲ್ಲೇ ಉಳಿದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ ಅದು. ಬಂದರಿನಲ್ಲಿ ಅದಿರು ಗುಡ್ಡಗುಡ್ಡವಾಗಿ ಬಂದು ಬೀಳುತ್ತಿತ್ತು. ಬೆಳಿಗ್ಗೆ ಒಳಗೆ ಬಂದ ಕೂಸುಗಳ ಮೂಗು ಒರೆಸಿದರೆ ಬಟ್ಟೆ ಕಪ್ಪಾಗುತ್ತಿತ್ತು, ಒಮ್ಮೊಮ್ಮೆ ಕೆಂಪಾಗುತ್ತಿತ್ತು. ಗಾಳಿ ಕಲ್ಲಿದ್ದಲಿನ ಕಡೆಯಿಂದ ಬಂತೋ ಅದಿರಿನ ಕಡೆಯಿಂದ ಬಂತೋ ಅದರಿಂದಲೇ ಗೊತ್ತಾಗುತ್ತಿತ್ತು.

ದಿನ ಶುರುವಾಗುತ್ತಿದ್ದದ್ದೇ ಮೀಸುವುದರಿಂದ. ಒಂದನ್ನು ಮೀಸಿ ಒರೆಸುವಷ್ಟರಲ್ಲಿ ಇನ್ನೊಂದು ಬೂದಿಯಲ್ಲಿ ಕೂತಿರುತ್ತಿತ್ತು. ಆಮೇಲೆ ಗಂಜಿ, ಗೋವಾದವರ ಬಾಯಲ್ಲಿ ಪೇಜ್. ಅಡುಗೆಯವಳು ಅಲ್ಲಿಯವಳೇ, ಗಟ್ಟಿ ದನಿಯ ಹೆಂಗಸು. ಗಂಜಿಗೆ ಮೊದಲು ಸಿಸ್ಟರ್ ಕೈ ಜೋಡಿಸಿ ಪ್ರಾರ್ಥನೆ ಹೇಳುತ್ತಿದ್ದರು. ಮಾತು ಬರುತ್ತಿದ್ದ ದೊಡ್ಡ ಕೂಸುಗಳು ಕಣ್ಣು ಮುಚ್ಚಿ ಕೇಳಿ, ಮುಗಿದ ತಕ್ಷಣ ಒಕ್ಕೊರಲಿನಿಂದ “ಮೋರ್ಯಾ!” ಎಂದು ಕೂಗುತ್ತಿದ್ದವು. ದೇವರ ಮಾತು ಯಾವುದೇ ಇರಲಿ, ಕೊನೆಗೆ ಮೋರ್ಯಾ ಎನ್ನಬೇಕು ಎಂದು ಅವುಗಳಿಗೆ ಓಣಿಯ ಗಣಪತಿ ಕಲಿಸಿದ್ದ. ಸಿಸ್ಟರ್ ನಗುತ್ತಿದ್ದರು, ತಿದ್ದಲಿಲ್ಲ. ತಿದ್ದುವ ಸ್ವಭಾವ ನನ್ನದು. ಆದರೆ ತಿದ್ದಬೇಕಾದ ಒಂದನ್ನು ನಾನೂ ತಿದ್ದಲಿಲ್ಲ. ಕೂಸುಗಳು ನನ್ನನ್ನು “ಅವ್ವಾ” ಎನ್ನುತ್ತಿದ್ದವು. ‘ಅಕ್ಕೋರು’ ಅನ್ನಿ ಎಂದು ಕಲಿಸಬಹುದಿತ್ತು, ಅವುಗಳ ತಾಯಂದಿರು ನನ್ನನ್ನು ಹಾಗೇ ಕರೆಯುತ್ತಿದ್ದರು. ನಾಲಗೆ ತಿರುಗದ ಕೂಸುಗಳಿಗೆ ಆ ಶಬ್ದ ಕಷ್ಟ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಖರೇ ಹೇಳಬೇಕೆಂದರೆ ಆ ಕರೆ ನನಗೆ ಹಿತವಾಗಿತ್ತು. ನನ್ನ ಮಗಳು ಆಗಲೇ ದೊಡ್ಡವಳಾಗಿ, ಕರೆದರೆ “ಏನು?” ಎಂದು ಇನ್ನೊಂದು ಕೋಣೆಯಿಂದಲೇ ಕೇಳುವ ವಯಸ್ಸಿಗೆ ಬಂದಿದ್ದಳು.

ಆ ವರ್ಷ ನಮ್ಮಲ್ಲಿ ಒಂದು ಹೆಣ್ಣು ಕೂಸು ಇತ್ತು. ಒಂದೂವರೆ ವರ್ಷ ದಾಟಿ ತಿಂಗಳುಗಳಾದರೂ ನಡೆದಿರಲಿಲ್ಲ. ದುಂಡಗೆ, ಗಂಭೀರವಾಗಿ, ಕೂತಲ್ಲೇ ಕೂತು ಎಲ್ಲರನ್ನೂ ವಿಚಾರಣೆ ಮಾಡುವ ಗೌಡತಿಯ ಹಾಗೆ ಇರುತ್ತಿತ್ತು. ಅದರ ತಾಯಿ ವಾಸ್ಕೋ ಕಡೆ ಒಂದು ಕಟ್ಟಡದಲ್ಲಿ ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದಳು. ಇನ್ನೂ ಎಳೆಯ ಹುಡುಗಿ, ಇದೇ ಮೊದಲ ಕೂಸು. ಸಂಜೆ ಸಿಮೆಂಟು ಹತ್ತಿದ ಕೈಯಿಂದಲೇ ಕೂಸನ್ನು ಎತ್ತಿಕೊಂಡು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಇವತ್ತರೆ ನಿಂತಿತ್ತೇನ್ರಿ ಅಕ್ಕೋರ?”

“ನಿಂದರತೈತಿ ತಗೋ. ಅವಸರ ಯಾಕ?”

ಅವಸರಕ್ಕೆ ಕಾರಣ ಇತ್ತು. ಊರಿನಿಂದ ಅತ್ತೆ ಹೇಳಿ ಕಳಿಸಿದ್ದಳು. ಕೂಸಿನ ಕಾಲು ಸೋತಿವೆ, ಮಿಶನ್ನಿನವರು ಹಗಲೆಲ್ಲ ಮಲಗಿಸಿ ಇಡುತ್ತಾರೆ, ನಾನು ಬಂದು ಕರೆದುಕೊಂಡು ಹೋಗುತ್ತೇನೆ, ಎಣ್ಣೆ ತಿಕ್ಕಿ ನಡೆಸುತ್ತೇನೆ ಎಂದು. ಗಂಡನೂ ಹೂಂ ಅಂದಿದ್ದ. ಊರಿಗೆ ಹೋದ ಕೂಸುಗಳು ಹೇಗೆ ಎಂದು ಆ ಓಣಿಯ ಎಲ್ಲ ತಾಯಂದಿರಿಗೂ ಗೊತ್ತಿತ್ತು. ಚೆನ್ನಾಗಿಯೇ ಬೆಳೆಯುತ್ತವೆ. ವರ್ಷಕ್ಕೊಮ್ಮೆ ತಾಯಿ ಹೋದಾಗ ಅಜ್ಜಿಯ ಸೆರಗಿನ ಹಿಂದೆ ನಿಂತು ನೋಡುತ್ತವೆ.

“ನಡದರ ಬಿಟ್ಟ ಹೋಗತಾಳ್ರಿ,” ಎಂದಳು ಹುಡುಗಿ. “ನಡೀಲಿಲ್ಲಂದ್ರ ಒಯ್ತಾಳ.”

ಅದಾಗಿ ಕೆಲವೇ ದಿನಕ್ಕೆ ಕೂಸು ನಡೆಯಿತು. ನಾನು ಗೋಡೆಗೆ ಒರಗಿ ಕೂತು ಇನ್ನೊಂದು ಕೂಸಿಗೆ ಗಂಜಿ ಕುಡಿಸುತ್ತಿದ್ದೆ. ನೀರಿನ ಡ್ರಮ್ಮು ಹಿಡಿದು ನಿಂತಿದ್ದ ಇದು, ನನ್ನ ಕೈಯ ಚಮಚವನ್ನು ನೋಡಿತು, ಡ್ರಮ್ಮು ಬಿಟ್ಟಿತು, ಯಾರನ್ನೂ ಕೇಳದೆ ನೇರವಾಗಿ ಬಂದು ನನ್ನ ತೊಡೆಯ ಮೇಲೆ ಬಿತ್ತು. “ಅವ್ವಾ” ಎಂದಿತು. ಅಡುಗೆಯವಳು ಒಳಗಿನಿಂದ ಸೌಟು ಹಿಡಿದೇ ಓಡಿ ಬಂದು, “ಪಳೆ ಗೊ, ಚಲ್ತಾ ಪಳೆ!” ಎಂದು, ನೋಡೇ ನಡೆಯುತ್ತಿದೆ ನೋಡು ಎಂದು ಕೊಂಕಣಿಯಲ್ಲಿ ಕೂಗಿದಳು. ನಾನು ಕೂಸನ್ನು ಎದೆಗೆ ಒತ್ತಿಕೊಂಡೆ. ಎಷ್ಟು ಖುಷಿಯಾಯಿತೆಂದರೆ, ಕಣ್ಣಲ್ಲಿ ನೀರು ಬಂತು. ಆ ಖುಷಿಯ ಹಿಂದೆಯೇ ಸಂಕಟವೂ ಬಂತು. ನನ್ನ ಮಗಳ ಮೊದಲ ಹೆಜ್ಜೆಯನ್ನು ನಾನು ಧಾರವಾಡದ ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೇ ನೋಡಿದ್ದೆ. ನನ್ನ ಪಾಲು ನನಗೆ ಸಿಕ್ಕಾಗಿತ್ತು. ಈಗ ಕುಂತಲ್ಲೇ ಮಂದಿಯ ಪಾಲು ಉಣ್ಣುತ್ತಿದ್ದೆ.

ಸಂಜೆ ಹುಡುಗಿ ಕೇಳಿದಳು. “ಇವತ್ತರೆ?”

“ಮನ್ಯಾಗ ಇಳಿಸಿ ನೋಡು. ಸೊಂಟದ ಮ್ಯಾಲಿಂದ ಇಳಿಸಿ, ಸ್ವಲ್ಪ ದೂರ ಕುಂದ್ರು,” ಎಂದೆ. ನಿಯಮ ಮುರಿಯದೆ ಹೇಳಬಹುದಾದದ್ದು ಅಷ್ಟೇ.

ಅವಳು ಇಳಿಸಿ ನೋಡಿದಳು. ಕೂಸು ಇಳಿಯಲಿಲ್ಲ. ಮರುದಿನವೂ ಇಲ್ಲ. ಇಡೀ ದಿನ ಕಾಣದ ಅವ್ವನ ಸೊಂಟ ಸಂಜೆ ಸಿಕ್ಕ ಮೇಲೆ ಯಾವ ಕೂಸು ಇಳಿಯುತ್ತದೆ? ಜೊತೆಗೆ ಮನೆಯೆಂದರೆ ಒಂದೇ ಕೋಣೆ. ನೆಲದ ಮೇಲೆ ಉರಿಯುವ ಸ್ಟೋ, ಹಾಸಿಗೆ, ಕೊಡ. ಹೊರಗೆ ಇಳಿಜಾರು. ಇಳಿಸಲು ಜಾಗವಾದರೂ ಎಲ್ಲಿ? ಇತ್ತ ನಮ್ಮಲ್ಲಿ ಕೂಸು ಈ ಗೋಡೆಯಿಂದ ಆ ಗೋಡೆಗೆ ಓಡಾಡತೊಡಗಿತು. ಹಲಗೆ ಹಿಡಿದು ನಿಂತು ಬೀದಿ ನೋಡತೊಡಗಿತು. ಸಂಜೆ ತಾಯಿ ಬರುವ ಹೊತ್ತಿಗೆ ನಾನು ಅದನ್ನು ಎತ್ತಿ ಕೂರಿಸಿಬಿಡುತ್ತಿದ್ದೆ, ಅವಳು ಬಂದಾಗ ಅದು ನಡೆಯುತ್ತಿರಬಾರದೆಂದು. ನಡೆಯುವ ಕೂಸನ್ನು ಹಿಡಿದು ಕೂರಿಸುವಾಗ ನನ್ನ ಕೈ ನನಗೇ ಹೇಸಿಗೆ ಎನ್ನಿಸುತ್ತಿತ್ತು. ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಒಂದು ಸಂಜೆ ಹುಡುಗಿ ಪ್ರಶ್ನೆ ಕೇಳಲಿಲ್ಲ. “ಅತ್ತಿ ಬಂದಾಳ್ರಿ. ರವಿವಾರ ಕರಕೊಂಡ ಹೋಗತಾಳಂತ,” ಎಂದಳು. ಕೂಸಿನ ತಲೆ ಹೆಗಲ ಮೇಲಿತ್ತು, ಅದರ ಬೆನ್ನು ಸವರುತ್ತ ನಿಂತಳು.

ನಾನು ಸಿಸ್ಟರ್ ಕಡೆ ನೋಡಿದೆ. ಅವರು ತಿರುಗಿ ಒಳಗೆ ಹೋಗಿಬಿಟ್ಟರು. ಬೈಯುವುದಾದರೆ ಬೈಯಲಿ ಎಂದು ನಾನು ಹೇಳಿಯೇ ಬಿಟ್ಟೆ.

“ಕೂಸು ನಡೀತೈತಿ. ಇಲ್ಲಿ ನಡೀತೈತಿ. ಕಾಲಿಗೆ ಏನೂ ಆಗಿಲ್ಲ. ನಿಮ್ಮತ್ತಿನ್ನ ಕರಕೊಂಡ ಬಂದು ತೋರಸು.”

ಅವಳ ಮುಖ ಅರಳಿತು. ಅರಳಿದ್ದು ಹಾಗೆಯೇ ನಿಂತಿತು. ಆಮೇಲೆ ಮೆಲ್ಲಗೆ ಕೇಳಿದಳು.

“ಯಾವಾಗಿಂದ ನಡ್ಯಾಕತ್ತೈತ್ರಿ?”

ನಿನ್ನೆಯಿಂದ ಎಂದಿದ್ದರೆ ಏನಾಗುತ್ತಿತ್ತು? ಅಷ್ಟು ಸುಳ್ಳು ಹೇಳಿದವಳಿಗೆ ಇನ್ನೊಂದು ಭಾರವಾಗುತ್ತಿರಲಿಲ್ಲ. ಆದರೆ ಅವತ್ತು ಬಾಯಿ ಬರಲಿಲ್ಲ. “ಭಾಳ ದಿನ ಆತು,” ಎಂದೆ. ಅವಳು ಸಿಟ್ಟು ಮಾಡಲಿಲ್ಲ. ಕೂಸಿನ ಪಾದ ತಿರುಗಿಸಿ ಅಂಗಾಲು ನೋಡಿದಳು. ನಮ್ಮ ನೆಲದ ಮೇಲೆ ನಡೆದು ನಡೆದು ಅದು ಗಟ್ಟಿಯಾಗತೊಡಗಿತ್ತು. ದಿನಾ ಆ ಪಾದ ತೊಳೆಯುವಾಗ ತನಗೆ ಗೊತ್ತಾಗಲಿಲ್ಲವಲ್ಲ ಎಂದುಕೊಂಡಳೋ ಏನೋ. ಸೆರಗು ಹೊದಿಸಿಕೊಂಡು ಹೋದಳು.

ಮರುದಿನ ಕೆಲಸ ಬಿಟ್ಟು ಅತ್ತೆಯನ್ನು ಕರೆತಂದಳು. ನಾನು ಅತ್ತೆಯನ್ನು ದೊಡ್ಡ ರಾಕ್ಷಸಿ ಎಂದು ಕಲ್ಪಿಸಿಕೊಂಡಿದ್ದೆ. ಬಂದದ್ದು ಹಣೆತುಂಬ ಕುಂಕುಮದ, ಬಸ್ಸಿನಲ್ಲಿ ಕೂತು ಕಾಲು ಬಾತಿದ್ದ ಒಬ್ಬ ಮುದುಕಿ. ನೆಲದ ಮೇಲೆ ಕೂತು, “ನಮ್ಮ ಮನೆತನದಾಗ ಒಂದು ಕೂಸಿಗೆ ಹಿಂಗ ಆಗಿತ್ರಿ, ಕಡೀತನಕ ತೆವಳತಿತ್ತು. ಅದಕ್ಕ ನನ್ನ ಜೀವ ಹಾರಾಕತ್ತಿತ್ತು,” ಎಂದಳು.

ಹುಡುಗಿ ಒಂದು ಗೋಡೆಗೆ ಕೂತಳು. ತಲೆ ಬಾಚಿ, ಇದ್ದುದರಲ್ಲಿ ಚಲೋ ಸೀರೆ ಉಟ್ಟು ಬಂದಿದ್ದಳು. ನಾನು ಎದುರಿನ ಗೋಡೆಗೆ ಕೂತು ಬೇರೆ ಕೂಸಿಗೆ ಉಣಿಸುತ್ತಿದ್ದೆ. ಅಲ್ಲಿ ನಾನು ಕೂರಬಾರದಿತ್ತು. ಎದ್ದು ಹೊರಗೆ ಹೋಗಬೇಕಿತ್ತು, ಅಡುಗೆಮನೆಯಲ್ಲಾದರೂ ಇರಬೇಕಿತ್ತು. ಅಷ್ಟು ಸಾದಾ ಸಂಗತಿ ನನ್ನ ಶಾಣ್ಯಾ ತಲೆಗೆ ಹೊಳೆಯಲಿಲ್ಲ. ಅಡುಗೆಯವಳು ಕೂಸನ್ನು ಡ್ರಮ್ಮಿನ ಹತ್ತಿರ ನಿಲ್ಲಿಸಿದಳು.

“ಬಾ ಬಂಗಾರಿ, ಬಾ,” ಎಂದು ಹುಡುಗಿ ಎರಡೂ ಕೈ ಚಾಚಿದಳು.

ಕೂಸು ಅವಳನ್ನು ನೋಡಿತು. ನಕ್ಕಿತು. ಎತ್ತಿಕೋ ಎಂದು ನಿಂತಲ್ಲಿಂದಲೇ ಕೈ ಮೇಲೆ ಮಾಡಿತು. ಅವಳು ಏಳಲಿಲ್ಲ, ಕೂಸು ಬರಲಿಲ್ಲ. ಮುದುಕಿ ಉಸಿರು ಹಿಡಿದು ನೋಡುತ್ತಿದ್ದಳು. ಆಮೇಲೆ ಕೂಸಿನ ಕಣ್ಣು ನನ್ನ ಕೈಯ ಚಮಚದ ಮೇಲೆ ಬಿತ್ತು. ಅದು ತಿರುಗಿತು. ತಾಯಿಯ ಚಾಚಿದ ಕೈಗಳ ಮುಂದಿನಿಂದಲೇ ಹಾದು ನನ್ನ ಕಡೆ ನಡೆದು ಬಂತು, ತೊಡೆಯ ಮೇಲೆ ಬಿತ್ತು, “ಅವ್ವಾ” ಎಂದಿತು.

“ನಡೀತ ನೋಡವಾ! ನಡೀತು! ನಮ್ಮವ್ವ!” ಎಂದು ಮುದುಕಿ ನೆಟಿಗೆ ಮುರಿದಳು, ಅತ್ತಳು, ನೆಲಕ್ಕೆ ಹಣೆ ಮುಟ್ಟಿಸಿದಳು. “ಇನ್ನ ಒಯ್ಯೂದಿಲ್ಲವಾ, ಇಟಗೋ ನಿನ್ನ ಮಗಳನ್ನ,” ಎಂದು ಸೊಸೆಯ ಬೆನ್ನಿಗೆ ಹೊಡೆದಳು. ಸೊಸೆಯ ಕೈ ಇನ್ನೂ ಚಾಚಿಕೊಂಡೇ ಇತ್ತು. ಆಮೇಲೆ ಆ ಕೈಗಳನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಳು.

ನಾನು ಏನೇನೋ ಹೇಳಿದೆ. ನನಗೆ ಎತ್ತಿಕೊಳ್ಳಲು ಪುರಸೊತ್ತಿಲ್ಲ, ಅದಕ್ಕೇ ನನ್ನ ಕಡೆ ನಡೆದು ಬರುತ್ತದೆ, ನೀನು ಎತ್ತಿಕೊಳ್ಳುತ್ತಿ ಎಂದು ಗೊತ್ತಿರುವುದರಿಂದ ನಿನ್ನ ಕಡೆ ಬರುವುದಿಲ್ಲ, ಕೂಸುಗಳು ಎಲ್ಲರಿಗೂ ಅವ್ವಾ ಅನ್ನುತ್ತವೆ ಎಂದೆಲ್ಲ. ಎಲ್ಲವೂ ಖರೇ ಮಾತೇ. ಆದರೆ ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದಿದ್ದರೂ ನಾನೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. “ಹೌದ್ರಿ ಅಕ್ಕೋರ,” ಎಂದಳು ಹುಡುಗಿ. ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹೋದಳು.

ಮುದುಕಿ ರವಿವಾರ ಒಬ್ಬಳೇ ಊರಿಗೆ ಹೋದಳು ಎಂದು ತಿಳಿಯಿತು. ಸೋಮವಾರ ಕೂಸು ಕೇಂದ್ರಕ್ಕೆ ಬರಲಿಲ್ಲ. ಮಂಗಳವಾರವೂ ಇಲ್ಲ. ಬೆಳಿಗ್ಗೆ ಹಲಗೆಯ ಈಚೆಯಿಂದ ನೋಡಿದೆ. ಹುಡುಗಿ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು, ಬುತ್ತಿ ಹಿಡಿದು, ನಮ್ಮ ಬಾಗಿಲ ಮುಂದಿನಿಂದಲೇ ಹಾದು ಬಸ್ಸಿನ ಕಡೆ ಇಳಿದು ಹೋದಳು. ಕೂಸು ನಮ್ಮ ಕಡೆ ಕೈ ಮಾಡಿ ಏನೋ ಕೂಗಿತು. ನಾನು ಗೋಡೆಯ ಮರೆಗೆ ಸರಿದು ನಿಂತೆ.

ತಡೆಯಲಾರದೆ ಒಂದು ಮಧ್ಯಾಹ್ನ ಅವಳು ಕೆಲಸ ಮಾಡುವ ಕಟ್ಟಡಕ್ಕೆ ಹೋದೆ. ಊಟದ ಹೊತ್ತು. ಹೆಂಗಸರು ಜಲ್ಲಿಯ ರಾಶಿಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಕೂಸು ಒಂದು ಕಂಬದ ಬುಡದಲ್ಲಿ ಗೋಣಿಚೀಲದ ಮೇಲಿತ್ತು. ಹಳೆ ಸೀರೆಯ ಪಟ್ಟಿಯಿಂದ ಅದರ ಕಾಲನ್ನು ಕಂಬಕ್ಕೆ ಕಟ್ಟಿದ್ದಳು. ಕಟ್ಟಡದ ತಾಯಂದಿರು ಹೀಗೆ ಕಟ್ಟುತ್ತಾರೆ ಎಂದು ನನಗೆ ಗೊತ್ತಿತ್ತು. ನಮ್ಮ ಕೇಂದ್ರ ಹುಟ್ಟಿದ್ದೇ ಅದು ತಪ್ಪಲಿ ಎಂದು. ಕೂಸು ಎದ್ದು ನಿಂತು ಪಟ್ಟಿ ಎಷ್ಟು ಬಿಡುತ್ತದೋ ಅಷ್ಟು ದೂರ ನಡೆಯಿತು, ಎಳೆದು ನಿಲ್ಲಿಸಿದಾಗ ಕೂತಿತು, ಮತ್ತೆ ಎದ್ದಿತು. ಕೂದಲೆಲ್ಲ ಸಿಮೆಂಟು.

“ಯಾಕವಾ ಹಿಂಗ ಕಟ್ಟೀದಿ?” ನನ್ನ ದನಿ ಏರಿತು. ಅಷ್ಟಾದರೂ ನನಗೆ ಸಿಟ್ಟು ಬರುತ್ತಿತ್ತಲ್ಲ, ಆ ಸೊಕ್ಕಿಗೆ ಏನೆನ್ನಲಿ.

“ನಡಿಯೂದು ಬಂದೈತಲ್ರಿ,” ಎಂದಳು ಅವಳು. “ಬಿಟ್ಟರ ಹೋಗತೈತಿ.”

ನಾನು ಅಲ್ಲೇ ಕೂತೆ. ಅವಳು ರೊಟ್ಟಿ ಮುರಿದು ಕೊಟ್ಟಳು, ತಿಂದೆ. ತಪ್ಪಾಯಿತು ಎಂದು ಹೇಳಬೇಕೆಂದುಕೊಂಡೆ. ಯಾವುದಕ್ಕೆ? ಮುಚ್ಚಿಟ್ಟದ್ದಕ್ಕೋ, ಹೇಳಿದ್ದಕ್ಕೋ, ಕೂಸು ನಡೆದು ಬಂದಾಗ ಎದೆಗೆ ಒತ್ತಿಕೊಂಡದ್ದಕ್ಕೋ? ಕೊನೆಗೆ ಕೈ ಮುಗಿದು ಇಷ್ಟೇ ಅಂದೆ. “ಕೂಸಿನ ಮ್ಯಾಲ ಇಟ್ಟಿಗಿ ಬಿದ್ದೀತವಾ. ನನ್ನ ಮ್ಯಾಲಿನ ಸಿಟ್ಟು ನನ್ನ ಮ್ಯಾಲ ಇಡು. ಬೇಕಾದ್ರ ಅಕಿನ್ನ ನಾ ಮುಟ್ಟೂದಿಲ್ಲ, ಅಡಿಗಿಯಾಕಿ ನೋಡಕೋತಾಳ. ಕಳಸು.”

“ನೋಡತೇನ್ರಿ,” ಎಂದಳು. ನನ್ನ ಮುಖ ನೋಡಲಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ ಅವಳು ಏರಿ ಬರುವುದು ಕಾಣಿಸಿತು. ಕೂಸು ಸೊಂಟದ ಮೇಲಿರಲಿಲ್ಲ. ಅವಳ ಒಂದು ಬೆರಳು ಹಿಡಿದು, ಕಲ್ಲು ಕಲ್ಲಿಗೂ ನಿಂತು, ಗೌಡತಿಯ ಠೀವಿಯಲ್ಲಿ ನಡೆದು ಬರುತ್ತಿತ್ತು. ಅವಳ ಇನ್ನೊಂದು ಕೈಯಲ್ಲಿ ಸ್ಟೀಲಿನ ಡಬ್ಬಿ. ಹಲಗೆಯ ಹತ್ತಿರ ಬಂದು ಕೂಸನ್ನು ಎತ್ತಿ ಒಳಗಿಟ್ಟಳು. ಅದು ಹಿಂದೆ ಮುಂದೆ ನೋಡದೆ ಡ್ರಮ್ಮಿನ ಕಡೆ ಹೋಯಿತು. ಅವಳು ಹೊರಗೇ ನಿಂತು ಡಬ್ಬಿಯ ಮುಚ್ಚಳ ತೆರೆದು ನನ್ನ ಮುಂದೆ ಹಿಡಿದಳು. ಹೂರಣದ ಕಡಬು, ಇನ್ನೂ ಬಿಸಿ.

“ನಿನ್ನಿ ಸಂಜೀಕ ಹೊಸ್ತಿಲಾ ದಾಟಿದಳ್ರಿ ಅಕ್ಕೋರ,” ಎಂದಳು. ಈ ಸಲ ನೇರವಾಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟಿದ್ದಳು. “ನಡದಿದ್ದು ಇದಽ ಮೊದಲನೇ ಸಲ.”

ಇಬ್ಬರಿಗೂ ಗೊತ್ತಿತ್ತು. ನಾನು ಬಾಯಿ ತೆರೆದೆ. ಎಷ್ಟೋ ತಾಯಂದಿರ ಮುಂದೆ ಸಲೀಸಾಗಿ ಆಡಿದ್ದ ಮಾತೇ ಅದು. ಅವಳು ಡಬ್ಬಿ ಹಿಡಿದು ಕಾಯುತ್ತಿದ್ದಳು.

“ಹೌದಾ!” ಎಂದೆ. “ಖರೇನ?”

“ಖರೇರಿ. ತಗೋರಿ, ತಿನ್ರಿ.”

ಒಂದು ತೆಗೆದುಕೊಂಡೆ. ನಾನು ತಿನ್ನುವುದನ್ನೇ ನೋಡುತ್ತ ನಿಂತಳು, ಕೆಲಸಕ್ಕೆ ಹೊತ್ತಾದರೂ ಹೋಗಲಿಲ್ಲ. ಹೇಗಾಗಿವೆ ಎಂದು ಕೇಳಿದಳು, ಭಾಳ ಚಲೋ ಆಗ್ಯಾವ ಎಂದೆ. ಅವಳ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಇನ್ನೊಂದು ತಿನ್ನಿ ಎಂದು ಡಬ್ಬಿ ಮುಂದೆ ಮಾಡಿದಳು.

ಅಷ್ಟರಲ್ಲಿ ಒಳಗಿನಿಂದ ಕೂಸು “ಅವ್ವಾ” ಎಂದು ಕೂಗಿತು.

ಇಬ್ಬರೂ ತಿರುಗಿದೆವು. ಮೊದಲು ತಿರುಗಿದವಳು ನಾನು.